ನಗಿಸಿ ಇಟ್ಟ ತುತ್ತು

ನನ್ನ ಮಗಳು ಮೊದಲು ಕಲಿತ ಮಾತು ‘ಅವ್ವ’. ಎರಡನೆಯದು ‘ಒಲ್ಲೆ’. ಆ ಎರಡನೆಯದು ಬಾಯಿಗೆ ಬಂದ ಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ಅನ್ನ ಇಟ್ಟರೆ ಒಲ್ಲೆ, ರೊಟ್ಟಿ ಮುರಿದು ಹಾಲಲ್ಲಿ ನೆನೆಸಿಕೊಟ್ಟರೆ ಒಲ್ಲೆ, ಬಾಳೆಹಣ್ಣು ಸುಲಿಯುವ ಮೊದಲೇ ಒಲ್ಲೆ. ತಟ್ಟೆ ಕಂಡರೆ ಸಾಕು, ತುಟಿ ಎರಡನ್ನೂ ಒಳಗೆ ಎಳೆದುಕೊಂಡು ಬಾಯಿಯೇ ಇಲ್ಲದವಳ ಹಾಗೆ ಕೂತುಬಿಡುತ್ತಿದ್ದಳು. ನನಗೆ ಸಿಟ್ಟು ಬೇಗ. ಆದರೆ ಆ ಸಿಟ್ಟಿನ ಅಡಿಯಲ್ಲಿ ಇದ್ದದ್ದು ಬರೀ ಹೆದರಿಕೆ, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನಾವು ಹಗರಿಬೊಮ್ಮನಹಳ್ಳಿಯವರು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ದಿನಾ ಸಂಜೆ ನಮ್ಮ ಮಿರ್ಚಿ ಮಂಡಕ್ಕಿ ಗಾಡಿ ನಿಲ್ಲುತ್ತದೆ. ಎಣ್ಣೆ ಬಾಂಡಲೆಯ ಮುಂದೆ ನನ್ನ ಗಂಡ, ಒಗ್ಗರಣೆ ಮಂಡಕ್ಕಿ ಕಲೆಸುವುದಕ್ಕೆ ಅತ್ತೆ. ಮನೆಯಲ್ಲಿ ಕೂತು ನಿಪ್ಪಟ್ಟು, ಚಕ್ಕುಲಿ, ಮಂಡಕ್ಕಿ ಉಂಡೆ ಮಾಡಿ ಡಬ್ಬಿ ತುಂಬಿಸಿ ಕಳಿಸುವುದು ನನ್ನ ಪಾಲು. ಟ್ಯೂಷನ್ ಬಿಟ್ಟ ಮಕ್ಕಳು ಗಾಡಿಗೆ ಮುತ್ತಿಕೊಂಡು ‘ಅಕ್ಕಾರ ನಿಪ್ಪಟ್ಟು ಕೊಡ್ರಿ’ ಎಂದು ಕೇಳಿ ತಿನ್ನುತ್ತಾರೆ. ಊರ ಮಕ್ಕಳಿಗೆಲ್ಲ ನನ್ನ ಕೈರುಚಿ ಬೇಕು, ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಮಾತ್ರ ಬೇಡ. ಹೊಟ್ಟೆ ಉರಿಯದೆ ಇರುತ್ತದೆಯೇ?

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ನೋಡುತ್ತಿದ್ದರು. ಹೋಗುವ ಮೊದಲು ಒಂದು ಲೋಟ ನೀರಾದರೂ ಕುಡಿಸುತ್ತಿದ್ದೆ, ಸ್ವಲ್ಪ ಮುಳ್ಳು ಮುಂದೆ ಹೋಗಲಿ ಅಂತ. ಎಂಥ ದಡ್ಡತನ! ಅಲ್ಲಿನ ಟೀಚರು ಕಾರ್ಡಿನಲ್ಲಿ ಚುಕ್ಕಿ ಇಟ್ಟು ಒಮ್ಮೆ ಎಲ್ಲರೆದುರಿಗೇ ಅಂದರು: “ಏನವಾ, ಊರಿಗೆಲ್ಲಾ ತಿನ್ನಿಸ್ತೀರಿ, ಮಗಳಿಗಷ್ಟ ಉಪಾಸ ಏನು?” ಅಲ್ಲಿದ್ದ ಹೆಂಗಸರು ನಕ್ಕರು. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ದರದರನೆ ಮನೆಗೆ ಬಂದೆ. ಬಂದವಳು ಬಚ್ಚಲಲ್ಲಿ ಎರೆಯುವಾಗ ಅವಳ ಪಕ್ಕೆಲುಬುಗಳ ಮೇಲೆ ಸೋಪು ಹಚ್ಚುತ್ತ ಹಚ್ಚುತ್ತ ಅತ್ತುಬಿಟ್ಟೆ. ಈ ಮಗು ನನ್ನ ಕೈಯಲ್ಲಿ ಉಳಿಯುವುದಿಲ್ಲ ಎಂಬ ಮಾತು ಅವತ್ತೇ ಮೊದಲ ಸಲ ಮನಸ್ಸಿಗೆ ಬಂದದ್ದು.

ಆಮೇಲೆ ಶುರುವಾಯಿತು ನೋಡಿ ನನ್ನ ಯುದ್ಧ. ಫೋನಿನಲ್ಲಿ ಹುಡುಕಿದರೆ ಹಠದ ಮಕ್ಕಳಿಗೆ ತಿಂಡಿ ಮಾಡಿ ತೋರಿಸುವ ಹೆಂಗಸರು ಸಾಲುಸಾಲು ಬರುತ್ತಾರೆ. ಮುಖಕ್ಕೆ ಬಣ್ಣ ಬಳಿದುಕೊಂಡು, ಬೆವರೇ ಬಾರದ ಅಡುಗೆಮನೆಯಲ್ಲಿ ನಿಂತು, ‘ಐದೇ ನಿಮಿಷ, ಮಕ್ಕಳು ತಟ್ಟೆ ನೆಕ್ಕುತ್ತಾರೆ’ ಅನ್ನುತ್ತಾರೆ. ನಾನೂ ಮಾಡಿದೆ. ಪಡ್ಡಿನ ಹಿಟ್ಟಿಗೆ ಗಜ್ಜರಿ ತುರಿದು ಹಾಕಿ, ಮೇಲೆ ಸಾಸಿವೆಯಲ್ಲಿ ಎರಡು ಕಣ್ಣು, ಕರಿಬೇವಿನಲ್ಲಿ ಒಂದು ಬಾಯಿ. ಅವಳು ಕಣ್ಣು ಎರಡನ್ನೂ ಕಿತ್ತು ನನ್ನ ಕೈಗೆ ಕೊಟ್ಟು ಎದ್ದುಹೋದಳು. ಬೀಟ್‌ರೂಟ್ ಹಾಕಿ ಕೆಂಪು ದೋಸೆ ಹುಯ್ದರೆ “ಅವ್ವ, ಇದಕ್ಕ ಗಾಯ ಆಗೇತಿ” ಎಂದು ತಟ್ಟೆಯನ್ನು ದೂರ ತಳ್ಳಿದಳು. ನಗಬೇಕೋ ಅಳಬೇಕೋ? ಸಜ್ಜೆ ಹಿಟ್ಟಿಗೆ ಬೆಲ್ಲ, ಎಳ್ಳು ಹಾಕಿ ಬಾಟಲಿ ಮುಚ್ಚಳದಷ್ಟು ಸಣ್ಣ ಸಣ್ಣ ರೊಟ್ಟಿ ಮಾಡಿದ ದಿನ ಮಾತ್ರ ಮೂರು ತಿಂದಳು. ಹಿರಿ ಹಿರಿ ಹಿಗ್ಗಿ ಮಾರನೆಯ ದಿನ ಡಬ್ಬಿ ತುಂಬ ಮಾಡಿಟ್ಟೆ. ಒಂದನ್ನೂ ಮುಟ್ಟಲಿಲ್ಲ.

ಆಗ ನನಗೊಂದು ಉಪಾಯ ಸಿಕ್ಕಿತು. ಸಿಕ್ಕದೆ ಇದ್ದಿದ್ದರೆ ಚೆನ್ನಾಗಿತ್ತು.

ಒಂದು ದಿನ ನನ್ನ ಗಂಡ ತಲೆಗೆ ಮಂಡಕ್ಕಿ ಚೀಲ ಹಾಕಿಕೊಂಡು ಮಂಗನ ಹಾಗೆ ಕುಣಿದು ಅವಳನ್ನು ನಗಿಸುತ್ತಿದ್ದರು. ಅವಳು ಬಾಯಿ ಅಗಲಿಸಿ ಕಿಲಕಿಲ ನಗುವಾಗ, ಕೈಯಲ್ಲಿದ್ದ ಮಂಡಕ್ಕಿ ಉಂಡೆಯ ಚೂರನ್ನು ನಾನು ಟಪ್ಪನೆ ಬಾಯೊಳಗೆ ಇಟ್ಟುಬಿಟ್ಟೆ. ಅವಳಿಗೆ ಏನಾಯಿತೆಂದು ತಿಳಿಯುವ ಮೊದಲೇ ಅಗಿದು ನುಂಗಿಯೂ ಬಿಟ್ಟಳು. ಅವತ್ತಿನಿಂದ ಅದೇ ನಮ್ಮ ಊಟದ ಪದ್ಧತಿ. ಕಚಗುಳಿ ಇಡುವುದು, ನಗಿಸುವುದು, ಬಾಯಿ ತೆರೆದಾಗ ತುತ್ತು ಇಡುವುದು. ಮುಂದಿನ ತಿಂಗಳು ತೂಕದ ಮುಳ್ಳು ಚೂರು ಸರಿಯಿತು. ನನಗೆ ನೆಲವೇ ಕಾಣಲಿಲ್ಲ. ನಲ್ಲಿ ನೀರಿಗೆ ನಿಂತ ಹೆಂಗಸರಿಗೆಲ್ಲ ಪಾಠ ಹೇಳಿದೆ: “ಬೈಯಬ್ಯಾಡ್ರಿ, ಹೊಡಿಬ್ಯಾಡ್ರಿ. ನಗಿಸ್ರಿ, ಬಾಯಿ ತಗೀತಾವ, ಇಟ್ಟುಬಿಡ್ರಿ.” ಅವರೂ ತಲೆಯಾಡಿಸಿದರು. ನಮ್ಮ ಬೀದಿಯಲ್ಲಿ ನನಗೆ ಒಂದು ಹೆಸರೇ ಬಂತು.

ಅವಳಿಗೆ ಆಗ ಮೂರು ತುಂಬಿ ನಾಲ್ಕು ನಡೆಯುತ್ತಿತ್ತು. ಒಂದು ಸಂಜೆ, ಗಾಡಿ ಹೊರಡುವ ಹೊತ್ತು. ಅತ್ತೆ ಮೊದಲ ಬಾರಿಯ ಒಗ್ಗರಣೆ ಮಂಡಕ್ಕಿ ಕಲೆಸಿ, ಉಪ್ಪು ಖಾರ ನೋಡು ಎಂದು ನನಗೊಂದು ತಟ್ಟೆ ಕೊಟ್ಟರು. ನಮ್ಮ ಕಡೆ ಒಗ್ಗರಣೆ ಮಂಡಕ್ಕಿಗೆ ಹುರಿದ ಶೇಂಗಾ ಇಲ್ಲವೆಂದರೆ ಜನ ತಟ್ಟೆ ವಾಪಸ್ ಕೊಡುತ್ತಾರೆ. ನಮ್ಮ ಗಾಡಿಯಲ್ಲಿ ಅದನ್ನು ಕೈ ತುಂಬ ಹಾಕುವುದು. ಮಗಳು ಮಂಚದ ಮೇಲೆ ಕುಣಿಯುತ್ತಿದ್ದಳು. ನಾನು ಮೆಣಸಿನಕಾಯಿ ಆರಿಸಿ ತೆಗೆದು, ಹೊಟ್ಟೆಗೆ ಕಚಗುಳಿ ಇಟ್ಟೆ. ಕೇಕೆ ಹಾಕಿ ನಕ್ಕಳು. ಬಾಯಿ ಪೂರಾ ತೆರೆಯಿತು. ಹಿಡಿ ಮಂಡಕ್ಕಿ ಇಟ್ಟೆ.

ನಗು ಅರ್ಧಕ್ಕೆ ನಿಂತಿತು. ಒಂದು ಸಲ ಕೆಮ್ಮಿದಳು, ಆಮೇಲೆ ಬಾಯಿ ತೆರೆದೇ ಇದೆ, ಶಬ್ದವೇ ಇಲ್ಲ. ಎರಡೂ ಕೈಯಲ್ಲಿ ನನ್ನ ಸೆರಗು ಹಿಡಿದು ಜಗ್ಗಿದಳು. ಕಣ್ಣು ಹೊರಗೆ ಬಂದವು. ತುಟಿಯ ಸುತ್ತ ನೀಲಿ ಕಟ್ಟಿತು. ಅತ್ತೆ ಒಳಗಿನಿಂದ ಓಡಿ ಬಂದವರೇ ಅವಳ ನೆತ್ತಿಯ ಮೇಲೆ ತಪತಪ ಬಡಿಯತೊಡಗಿದರು.

“ನೆತ್ತಿಗೆ ಹತ್ತೇತಿ, ಅಷ್ಟ. ಯಾರೋ ನೆನೆಸ್ಯಾರ. ಯಾರವಾ ನಮ್ಮ ಕೂಸಿನ್ನ ನೆನೆಸಿದವರು? ದೊಡ್ಡವ್ವ ಏನು? ಅಜ್ಜ ಏನು? ಸ್ವಾದರಮಾವ ಏನು?”

ಸೋದರಮಾವ ಅನ್ನುವುದಕ್ಕೂ ಮಗು ಕೊರ್ರೆಂದು ಉಸಿರೆಳೆದುಕೊಳ್ಳುವುದಕ್ಕೂ ಸರಿಹೋಯಿತು. ಕೆಮ್ಮು ಬಂತು, ಅಳು ಬಂತು, ನಾಲ್ಕಾರು ಕಾಳು ಮಂಡಕ್ಕಿ ಹೊರಗೆ ಬಿತ್ತು. “ಹಾಂ, ನೋಡು! ನಿಮ್ಮ ತಮ್ಮನ ನೆನೆಸ್ಯಾನ,” ಎಂದು ಅತ್ತೆ ಗೆದ್ದವರ ಹಾಗೆ ನಕ್ಕರು. ತವರಿಗೆ ಫೋನ್ ಹಚ್ಚಿ ತಮ್ಮನನ್ನು ಕೇಳಿದರೆ ಆ ಪುಣ್ಯಾತ್ಮ, “ಹೌದಕ್ಕ, ಈಗರ ನೆನೆಸಿದ್ದೆ ನೋಡು,” ಅಂದುಬಿಟ್ಟ. ಎಲ್ಲರಿಗೂ ಸಮಾಧಾನ. ಗಾಡಿ ಹೊರಟಿತು. ಮಗು ಸುಸ್ತಾಗಿ ನನ್ನ ತೊಡೆಯ ಮೇಲೆ ಮಲಗಿತು.

ಎರಡನೆಯ ದಿನ ಬೆಳಿಗ್ಗೆ ಸಿಳ್ಳೆ ಕೇಳಿಸಿತು. ಅವಳು ಉಸಿರು ಬಿಟ್ಟಾಗಲೆಲ್ಲ ಎದೆಯೊಳಗಿಂದ ಒಂದು ಸಣ್ಣ ಸಿಳ್ಳೆ. ಬೆನ್ನಿಗೆ ಕಿವಿ ಇಟ್ಟೆ. ಎಡಗಡೆ ಏನಿಲ್ಲ, ಬಲಗಡೆ ಕುಂಯ್ ಅನ್ನುತ್ತಿತ್ತು. ಅತ್ತೆ ಕಫ ಎಂದರು. ವೀಳ್ಯದೆಲೆ ಬಿಸಿ ಮಾಡಿ ಎದೆಗೆ ಇಟ್ಟರು, ಅಜವಾನ ಕುದಿಸಿ ಕುಡಿಸಿದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, “ಘಾಟ ಬರಲಿಲ್ಲ ನೋಡು, ಕೆಟ್ಟ ದೃಷ್ಟಿ ಆಗೇತಿ,” ಅಂದರು. ನಾನು ಎಲ್ಲದಕ್ಕೂ ಹೂಂ ಅಂದೆ. ಕೆಲಸದ ನಡುವೆ ಹತ್ತು ಸಲ ಎದ್ದುಹೋಗಿ ಬೆನ್ನಿಗೆ ಕಿವಿ ಇಡುತ್ತಿದ್ದೆ. ಪ್ರತಿ ಸಲವೂ ಸಿಳ್ಳೆ ಅಲ್ಲೇ ಇರುತ್ತಿತ್ತು.

ಮೂರನೆಯ ದಿನ ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ತಲೆಯೆತ್ತಿ, “ಏನಾರ ಗಂಟಲಾಗ ಸಿಕ್ಕಿತ್ತೇನವಾ? ಶೇಂಗಾ, ಗುಂಡಿ, ಬಳಪ ಏನಾರ?” ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು: “ಅಯ್ಯ, ತಿಂದ್ರ ಅಲ್ಲೇನ್ರಿ ಸಿಗೂದು! ಇಕಿ ಏನೂ ತಿನ್ನಂಗಿಲ್ರಿ. ಅದ ನಮ್ಮ ಗೋಳು.”

ಡಾಕ್ಟರು ನಕ್ಕರು. ನರ್ಸಮ್ಮ ನಕ್ಕಳು. ನಾನೂ ನಕ್ಕೆ.

ಆ ಗಳಿಗೆಯಲ್ಲಿ ನೆನಪಾಗಲಿಲ್ಲ ಎಂದು ಈಗ ಹೇಳಿ ಪಾರಾಗಬಹುದು. ಇಲ್ಲಿ ನಿಜ ಹೇಳುತ್ತೇನೆ. ಶೇಂಗಾ ಎಂದು ಅವರ ಬಾಯಿಂದ ಬಂದ ಕೂಡಲೇ ನನ್ನ ಕಣ್ಣ ಮುಂದೆ ಆ ತೆರೆದ ಬಾಯಿ ಬಂದಿತ್ತು. ಹೇಳಲಿಲ್ಲ. ಹೇಳಿದರೆ ನಗುವ ಮಗುವಿನ ಬಾಯಿಗೆ ತುರುಕಿದವಳು ನಾನೇ ಎಂದು ಗೊತ್ತಾಗುತ್ತದೆ. ನಲ್ಲಿ ಹತ್ತಿರ ಪಾಠ ಹೇಳಿದವಳು ನಾನೇ. ಊರ ಬಾಯಿಗೆ ಹೆದರಿದೆ, ಅತ್ತೆಯ ಬಾಯಿಗೆ ಹೆದರಿದೆ, ಗಂಡ ಏನಂದಾರೋ ಎಂದು ಹೆದರಿದೆ. ನೆತ್ತಿಗೆ ಹತ್ತಿದ್ದಷ್ಟೇ, ಆವತ್ತೇ ಸರಿಹೋಗಿದೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಔಷಧಿ ಬರೆಸಿಕೊಂಡು ಮನೆಗೆ ಬಂದೆವು.

ಆಮೇಲಿನ ನಾಲ್ಕು ದಿನ ನಾನು ಬದುಕಿದ್ದೆನೋ ಸತ್ತಿದ್ದೆನೋ ತಿಳಿಯದು. ನಿಪ್ಪಟ್ಟು ಕರಿಯುತ್ತ ಕರಿಯುತ್ತ ಎರಡು ಸಲ ಹೊತ್ತಿಸಿದೆ. ‘ಯಾಕಲೇ, ಧ್ಯಾನ ಎಲ್ಲೈತಿ?’ ಎಂದು ಗಂಡ ಕೇಳಿದಾಗ ಹೇಳಿಬಿಡೋಣ ಎಂದು ಬಾಯಿಯವರೆಗೆ ಬಂತು, ಅಲ್ಲೇ ನಿಂತಿತು. ಸಿರಪ್ಪಿನಿಂದ ಕೆಮ್ಮು ಸ್ವಲ್ಪ ಇಳಿದಾಗ ‘ಹೋಯ್ತು ಹೋಯ್ತು’ ಎಂದು ಒಳಗೊಳಗೇ ಕೈಮುಗಿದೆ. ಆರನೆಯ ದಿನ ಜ್ವರ ಬಂತು. ಏಳನೆಯ ದಿನ ಮಧ್ಯಾಹ್ನ ಅವಳು ಉಸಿರಾಡುವಾಗ ಕತ್ತಿನ ಕೆಳಗೆ ಒಂದು ಗುಳಿ ಬೀಳುತ್ತಿತ್ತು. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿದರು. ಈ ಸಲ ಯಾರೂ ನಗಲಿಲ್ಲ.

“ಬಲಗಡಿ ಗಾಳಿ ಸರಿಯಾಗಿ ಆಡವಲ್ದು. ದಾವಣಗೆರಿಗೆ ಕರಕೊಂಡು ಹೋಗ್ರಿ. ನಾಳೆ ಅಲ್ಲ, ಈಗ,” ಅಂದರು.

ಪರಿಚಯದವರ ಕಾರು ಸಿಕ್ಕಿತು. ಮುಂದೆ ಗಂಡ, ಹಿಂದೆ ಅತ್ತೆ, ನನ್ನ ಮಡಿಲಲ್ಲಿ ಮಗು. ಅವಳ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದೆ. ರಸ್ತೆಯ ಗುಂಡಿಯಲ್ಲಿ ಕಾರು ಎತ್ತಿ ಹಾಕಿದಾಗ ಒಮ್ಮೊಮ್ಮೆ ಅಂಗೈಗೆ ಏನೂ ತಾಗದು, ಆಗ ಬಗ್ಗಿ ಅವಳ ಮೂಗಿನ ಹತ್ತಿರ ಕೆನ್ನೆ ಹಿಡಿಯುತ್ತಿದ್ದೆ. ಹರಪನಹಳ್ಳಿ ಬಂದಾಗ ಅವಳು ಕಣ್ಣು ಬಿಟ್ಟು, “ಅವ್ವ, ಎಲ್ಲಿಗೆ ಹೊಂಟೇವಿ?” ಅಂದಳು. ಅಷ್ಟು ಹೇಳಲಿಕ್ಕೆ ಮೂರು ಸಲ ಉಸಿರು ತೆಗೆದುಕೊಂಡಳು. ನನ್ನ ಮಾನ ಮರ್ಯಾದೆಗೆಲ್ಲ ಬೆಂಕಿ ಬಿದ್ದರೂ ಚಿಂತೆಯಿಲ್ಲ, ಇನ್ನು ಮುಚ್ಚಿಡುವುದಿಲ್ಲ ಎಂದು ಅಲ್ಲಿ ನಿಶ್ಚಯ ಮಾಡಿದೆ.

ದಾವಣಗೆರೆಯ ದೊಡ್ಡಾಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಅದೇ ಪ್ರಶ್ನೆ ಕೇಳಿದರು. “ಕೆಮ್ಮು ಶುರು ಆಗೋಕೆ ಮುಂಚೆ ಏನಾದ್ರೂ ತಿನ್ನುವಾಗ ಉಸಿರು ಕಟ್ಟಿತ್ತಾ?” ಅತ್ತೆ ಅಭ್ಯಾಸಬಲದಿಂದ “ಇಲ್ರಿ, ಇಕಿ ಏನೂ...” ಎಂದು ಶುರು ಮಾಡಿದರು.

“ಹೌದ್ರಿ,” ಅಂದೆ ನಾನು. “ಶೇಂಗಾರಿ. ಮಂಡಕ್ಕಿಯಾಗಿದ್ದು. ನಾನ ಇಟ್ಟೆ. ನಗಿಸಿ ನಗಿಸಿ, ಬಾಯಿ ತೆರೆದಾಗ ಇಟ್ಟೆ. ಮಾರಿ ನೀಲಿ ಆಗಿತ್ರಿ. ಏಳು ದಿನದಿಂದ ಗೊತ್ತಿತ್ರಿ ನನಗ.”

ಗಂಡ ನನ್ನ ಕಡೆ ತಿರುಗಿ ನೋಡಿದರು. ಆ ನೋಟವನ್ನು ಬರೆಯಲಿಕ್ಕೆ ನನಗೆ ಬರುವುದಿಲ್ಲ. ಡಾಕ್ಟರು ಬೈಯಲಿಲ್ಲ. ಕೂಡಲೇ ಯಾರನ್ನೋ ಕರೆದು ಏನೇನೋ ಹೇಳಿ, ಮಗುವಿಗೆ ಮಂಪರು ಬರಿಸಿ ಉಸಿರುನಾಳದೊಳಗೆ ಕೊಳವೆ ಬಿಟ್ಟು ಶೇಂಗಾ ತೆಗೆಯಬೇಕು, ಅದರಲ್ಲೂ ಅಪಾಯವಿದೆ ಎಂದು ಬಿಡಿಸಿ ಹೇಳಿದರು. ಕಾಗದದ ಮೇಲೆ ಸಹಿ ಮಾಡುವಾಗ ಗಂಡ ಹೆಸರನ್ನು ಅರ್ಧಕ್ಕೇ ನಿಲ್ಲಿಸಿ, ಎರಡನೆಯ ಸಲ ಬರೆದರು. ಮಗಳನ್ನು ನನ್ನ ತೋಳಿನಿಂದ ಎತ್ತಿಕೊಂಡಾಗ ಅವಳು ಎರಡೂ ಕೈ ಚಾಚಿ “ಅವ್ವ, ಒಲ್ಲೆ” ಅಂದಳು. ಬಾಗಿಲು ಮುಚ್ಚಿತು.

ಹೊರಗೆ ಒಂದು ಕಬ್ಬಿಣದ ಬೆಂಚು. ಗಂಡ ಕೂರಲಿಲ್ಲ, ಗೋಡೆಗೆ ಹಣೆ ಹಚ್ಚಿ ನಿಂತರು. ಅತ್ತೆ ನನ್ನನ್ನು ಹಿಡಿದು ಝಾಡಿಸುತ್ತಾರೆ ಎಂದು ಕಾಯುತ್ತಿದ್ದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡುತ್ತ, “ನಾ ನೆತ್ತಿ ಬಡಕೊಂತ ಹೆಸರ ಹೇಳಕೊಂತ ನಿಂತೆನವಾ. ಅವತ್ತ ದವಾಖಾನಿಗೆ ಓಡಬೇಕಾಗಿತ್ತು,” ಅಂದರು. ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬಾಗಿಲನ್ನೇ ನೋಡುತ್ತ ಕೂತೆವು. ಒಳಗೆ ಏನೋ ಬಿದ್ದ ಸದ್ದಾದರೆ ಸಾಕು, ಮೂರೂ ಜನ ಎದ್ದು ನಿಲ್ಲುತ್ತಿದ್ದೆವು. ಬಿಳಿ ಬಟ್ಟೆಯ ಒಬ್ಬಾಕೆ ಓಡುತ್ತ ಹೊರಗೆ ಬಂದು, ಏನನ್ನೋ ತೆಗೆದುಕೊಂಡು, ಓಡುತ್ತಲೇ ಒಳಗೆ ಹೋದಳು. ನಾನು ಅವಳ ಹಿಂದೆಯೇ ಬಾಗಿಲವರೆಗೆ ಓಡಿದೆ.

ಡಾಕ್ಟರು ಬಂದಾಗ ಅವರ ಕೈಯಲ್ಲಿ ಒಂದು ಸಣ್ಣ ಸೀಸೆ. ಅದರಲ್ಲಿ ಅರ್ಧ ಬೇಳೆ ಶೇಂಗಾ, ನೀರು ಕುಡಿದು ಊದಿಕೊಂಡದ್ದು. ದಿನಾ ಸೇರುಗಟ್ಟಲೆ ಹುರಿಯುವ ನಾನು ಅದನ್ನು ನೋಡಲಾರದೆ ಕಣ್ಣು ಮುಚ್ಚಿದೆ. “ಬಂತಮ್ಮ. ಮಗು ಚೆನ್ನಾಗಿದೆ,” ಅಂದರು. “ನಗೋ ಮಗುಗೆ, ಅಳೋ ಮಗುಗೆ, ಓಡೋ ಮಗುಗೆ ಬಾಯಿಗೆ ಏನೂ ಇಡಬಾರದು. ಇಡೀ ಶೇಂಗಾ ಐದು ವರ್ಷದ ತನಕ ಬೇಡವೇ ಬೇಡ. ಪುಡಿ ಮಾಡಿ ಕೊಡಿ. ಇವತ್ತು ನೀವು ನಿಜ ಹೇಳಿದ್ದು ಒಳ್ಳೇದಾಯ್ತು.” ಕೊನೆಯ ಮಾತಿಗೆ ನಾನು ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ.

ಊರಿಗೆ ಬಂದ ಮೇಲೆ ನಲ್ಲಿ ಹತ್ತಿರ ಹೋಗಿ, ನಾನು ಪಾಠ ಹೇಳಿದ ಪ್ರತಿಯೊಬ್ಬಳಿಗೂ ನಡೆದದ್ದನ್ನು ಹೇಳಿದೆ. “ಹಂಗ ಮಾಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ” ಅಂದೆ. ಕೆಲವರು ಮೂಗು ಮುರಿದರು. ಮುರಿದುಕೊಳ್ಳಲಿ.

ಆದರೆ ಹೆದರಿಕೆ ಮಾತ್ರ ದಾವಣಗೆರೆಯಲ್ಲಿ ಉಳಿಯಲಿಲ್ಲ, ನನ್ನ ಜೊತೆಗೇ ಮನೆಗೆ ಬಂತು. ಮೊದಲು ಅವಳು ತಿನ್ನುವುದಿಲ್ಲ ಎಂದು ಹೆದರುತ್ತಿದ್ದೆ, ಈಗ ತಿನ್ನುತ್ತಾಳೆ ಎಂದು ಹೆದರತೊಡಗಿದೆ. ಶೇಂಗಾ ಪುಡಿ, ಪುಟಾಣಿ ಪುಡಿ, ಮಂಡಕ್ಕಿಯನ್ನೂ ಪುಡಿ ಮಾಡಿ ಬೆಲ್ಲದ ಪಾಕದಲ್ಲಿ ಮೆತ್ತಗೆ ಉಂಡೆ ಕಟ್ಟಿದೆ. ಪಡ್ಡನ್ನು ನಾಲ್ಕು ಚೂರು ಮಾಡಿ, ಬಿಸಿ ರೊಟ್ಟಿಗೆ ತುಪ್ಪ ಸವರಿ ಪುಡಿ ಉದುರಿಸಿ ಬೆರಳಿನಷ್ಟು ಸುರುಳಿ ಸುತ್ತಿ ಕೊಟ್ಟೆ. ಕೊಟ್ಟು ಎದುರಿಗೇ ಕೂರುತ್ತಿದ್ದೆ, ಮೊಳಕಾಲಿಗೆ ಮೊಳಕಾಲು ತಾಗಿಸಿ. “ಅಗಿ. ಇನ್ನೊಮ್ಮೆ ಅಗಿ. ನುಂಗಿದಿ? ಬಾಯಿ ತಗಿ, ತೋರ್ಸು.” ಅವಳ ಗಂಟಲು ಮೇಲೆ ಕೆಳಗೆ ಆಗುವುದನ್ನೇ ನೋಡುತ್ತಿದ್ದೆ. ಒಂದು ಸಣ್ಣ ಕೆಮ್ಮು ಬಂದರೆ ಬೆನ್ನು ಗುದ್ದಲಿಕ್ಕೆ ಕೈ ಎತ್ತಿ ಸಿದ್ಧ. “ಏ, ಕೂಸಿನ್ನ ಉಣ್ಣಾಕ ಬಿಡು,” ಎಂದು ಗಂಡ ರೇಗಿದರೆ, “ನಿಮಗೇನು ಗೊತ್ತು, ಸುಮ್ಕ ಇರ್ರಿ,” ಎಂದು ಹರಿಹಾಯುತ್ತಿದ್ದೆ. ವರ್ಷ ಎರಡಾದವು. ಅವಳು ಶಾಲೆಯಲ್ಲಿ ಒಂದನೇ ಇಯತ್ತೆಗೆ ಸೇರಿದಳು. ತಟ್ಟೆ ಮಾತ್ರ ಮೊದಲಿನ ಹಾಗೆಯೇ ತುಂಬಿ ಬಂದು ತುಂಬಿಯೇ ವಾಪಸ್ ಹೋಗುತ್ತಿತ್ತು. ಇದು ಹುಟ್ಟುಗುಣ, ಯಾರೇನು ಮಾಡಲಿಕ್ಕೆ ಬರುತ್ತದೆ ಎಂದುಕೊಂಡಿದ್ದೆ.

ಹೋದ ತಿಂಗಳು ಒಂದು ಸಂಜೆ ನಿಪ್ಪಟ್ಟಿನ ಡಬ್ಬಿ ಖಾಲಿಯಾಯಿತೆಂದು ಗಂಡ ಫೋನ್ ಮಾಡಿದರು. ನಾನೇ ಇನ್ನೊಂದು ಡಬ್ಬಿ ಹಿಡಿದು ಗಾಡಿಗೆ ಹೋದೆ. ಮಗಳು ಶಾಲೆ ಬಿಟ್ಟು ಅಲ್ಲೇ ಇದ್ದಳು. ಗಾಡಿಯ ಹಿಂದೆ, ಎಣ್ಣೆ ಡಬ್ಬವೊಂದನ್ನು ಬೋರಲು ಹಾಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತೊಡೆಯ ಮೇಲೆ ಕಾಗದ, ಕಾಗದದ ತುಂಬ ನಿಪ್ಪಟ್ಟು. ಒಂದು ಮುಗಿಸಿ ಇನ್ನೊಂದು, ಅದು ಮುಗಿಸಿ ಮತ್ತೊಂದು. ಕಟಕಟ ಎಂದು ಕಡಿದು ತಿನ್ನುತ್ತಿದ್ದಾಳೆ, ಬೆರಳು ನೆಕ್ಕುತ್ತಿದ್ದಾಳೆ. ನನ್ನ ಕೈ ಡಬ್ಬಿಯ ಮೇಲೆಯೇ ನಿಂತಿತು. ನಿಪ್ಪಟ್ಟು! ಗಟ್ಟಿ ಇರುತ್ತದೆ, ಚೂರು ಒಳಗೆ ಹೋದರೆ? “ಯವ್ವಾ!” ಎಂದು ಕೂಗಿ ಎರಡೇ ಹೆಜ್ಜೆಗೆ ಅವಳ ಮುಂದೆ ಹೋಗಿ ಕುಕ್ಕರಿಸಿದೆ.

ಅವಳ ದವಡೆ ತಕ್ಷಣ ನಿಂತಿತು. ಬಾಯಲ್ಲಿದ್ದದ್ದನ್ನು ಕೆನ್ನೆಯ ಒಂದು ಪಕ್ಕಕ್ಕೆ ಒತ್ತಿಕೊಂಡು, ನನ್ನ ಮುಖವನ್ನೇ ನೋಡುತ್ತ, ಅಗಿಯಲೂ ಇಲ್ಲ, ಉಗುಳಲೂ ಇಲ್ಲ.

“ಅಗಿ,” ಅಂದೆ.

ಆಗದೆಂದು ತಲೆಯಾಡಿಸಿದಳು. ನಿಧಾನವಾಗಿ, ಬಾಯಿ ತುಂಬ ಇಟ್ಟುಕೊಂಡೇ ಹೇಳಿದಳು: “ಅವ್ವ, ನೀ ಆಕಡಿ ನೋಡು. ನೀ ಹಂಗ ಅಂಜಿಕೊಂಡು ನೋಡಿದ್ರ ನನಗ ನುಂಗಾಕ ಬರಂಗಿಲ್ಲ.”

“ಯಾವಾಗಿಂದ?” ಎಂದು ಕೇಳಿದೆ.

“ಯಾವಾಗ್ಲೂ,” ಅಂದಳು.

ನಾನು ಎದ್ದು, ಅವಳಿಗೆ ಬೆನ್ನು ಮಾಡಿ ರಸ್ತೆಯ ಕಡೆ ತಿರುಗಿ ನಿಂತೆ. ಬಸ್ಸು ಹೋಯಿತು, ಆಟೋ ಹೋಯಿತು, ಗಂಡ ‘ಡಬ್ಬಿ ಎಲ್ಲೈತಿ?’ ಎಂದು ಕೂಗಿದರು, ನಾನು ಅಲುಗಲಿಲ್ಲ. ಸ್ವಲ್ಪ ಹೊತ್ತು ಹಿಂದಿನಿಂದ ಏನೂ ಕೇಳಿಸಲಿಲ್ಲ. ತಿರುಗಿ ನೋಡಬೇಕೆಂದು ಕತ್ತು ಎಳೆಯುತ್ತಿತ್ತು, ಎರಡೂ ಕೈಯಲ್ಲಿ ಡಬ್ಬಿ ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಕಟಂ ಎಂದು ನಿಪ್ಪಟ್ಟು ಮುರಿದ ಸದ್ದು ಕೇಳಿಸಿತು.